ಖಾಲಿ ಜಾಗಕ್ಕೂ ಒಂದು ಆಕಾರ

ತೊಗಲುಗೊಂಬೆಯಾಟದ ಪರದೆಯೆಂದರೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ಬಿಳಿ ಪಂಚೆ, ಅಷ್ಟೆ. ಅದರ ಹಿಂದೆ ದೀಪ, ಮುಂದೆ ಜನ, ನಡುವೆ ಆಡಿನ ಚರ್ಮದ ಗೊಂಬೆ. ಗೊಂಬೆ ಬಟ್ಟೆಗೆ ಅಂಟಿಕೊಂಡದ್ದೇ ತಡ, ಹಾಡು ಎತ್ತುವ ಮೊದಲೇ, ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹುಡುಗರು ‘ಹನುಮಪ್ಪ ಬಂದ’ ಎಂದು ಕೂಗಿಬಿಡುತ್ತಾರೆ. ಕಣ್ಣು ಎಲ್ಲಿದೆ, ಕೊರಳಲ್ಲಿ ಎಂಥ ಸರವಿದೆ ಎಂದು ಅವರೇನೂ ನೋಡಿರುವುದಿಲ್ಲ. ಬಾಲದ ಕೊಂಕು, ಮುಂಚಾಚಿದ ಮೂತಿ, ಹೆಗಲ ಮೇಲಿನ ಗದೆ, ಇವುಗಳ ಹೊರ ಅಂಚು ಕಂಡರೆ ಸಾಕಾಯಿತು. ಬಣ್ಣ, ಒಡವೆ, ಬಟ್ಟೆಬರೆ ಎಲ್ಲ ಆಮೇಲೆ. ಮೊದಲು ಕಣ್ಣಿಗೆ ಸಿಕ್ಕುವುದು ಆಕಾರ.

ಕರ್ನಾಟಕದಲ್ಲಿ ಈ ಆಟವನ್ನು ತಲೆಮಾರುಗಳಿಂದ ಹೊತ್ತುಕೊಂಡು ಬಂದವರು ಕಿಳ್ಳೇಕ್ಯಾತರು. ಶಿಳ್ಳೇಕ್ಯಾತರೆಂದೂ ಕರೆಯುವುದುಂಟು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗೊಂಬೆ ಮಾಡುವ ಕೆಲಸವೇನೂ ಸುಲಭದ್ದಲ್ಲ. ಚರ್ಮ ನೆನೆಹಾಕಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಬೆಳಕು ಹಾಯುವಷ್ಟು ತೆಳ್ಳಗಾಗುತ್ತದೆ. ಅದರ ಮೇಲೆ ಚಿತ್ರ ಗೀಚಿ, ಅಂಚು ಕತ್ತರಿಸಿ, ಒಡವೆ ವಸ್ತ್ರಗಳು ಬರುವ ಕಡೆ ಸಣ್ಣ ಉಳಿಯಿಂದ ತೂತು ಹೊಡೆದು, ಬಣ್ಣ ಹಚ್ಚಬೇಕು. ಬಣ್ಣ ತಪ್ಪಿದರೆ ಮೇಲೊಂದು ಕೈ ಹಚ್ಚಬಹುದು. ಅಂಚು ಕತ್ತರಿಸುವಾಗ ಕೈ ಜಾರಿ ಸೀತೆಯ ಮೂಗಿನ ತುದಿ ಹೋಯಿತೆನ್ನಿ, ಆ ಚರ್ಮಕ್ಕೆ ಮೂಗನ್ನು ಮರಳಿ ಅಂಟಿಸುವಂತಿಲ್ಲ. ಆ ಗೊಂಬೆ ಇನ್ನು ಶೂರ್ಪನಖಿಯ ಪಾತ್ರಕ್ಕೇ ಸೈ.

ಈ ಕತ್ತರಿಸುವ ಕೈಯನ್ನು ನೋಡಿದರೆ ಆಕಾರವೆಂದರೇನು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಚಿತ್ರಕಲೆಯ ಪಠ್ಯಗಳು ರೇಖೆ, ಆಕಾರ, ಬಣ್ಣ, ಛಾಯೆ, ಮೇಲ್ಮೈಯ ನಯ ಎಂದು ಮೂಲಾಂಶಗಳ ಪಟ್ಟಿ ಕೊಡುತ್ತವೆ. ಹೊರಟಲ್ಲಿಗೇ ರೇಖೆ ಬಂದು ಸೇರಿದಾಗ ಆಕಾರ ಹುಟ್ಟುತ್ತದೆ ಎಂದು ವಿವರಿಸುತ್ತವೆ. ತಪ್ಪೇನಿಲ್ಲ. ಆದರೆ ಇದನ್ನು ಓದಿದ ಮಗು ಮೊದಲು ಗೆರೆ, ಆಮೇಲೆ ಆಕಾರ ಎಂದುಕೊಳ್ಳುತ್ತದೆ. ಹೊರಗೆರೆ ಎಳೆದು ಒಳಗೆ ಬಣ್ಣ ತುಂಬುವುದೇ ಚಿತ್ರ ಎಂಬ ನಂಬಿಕೆ ಅಲ್ಲಿಂದಲೇ ಶುರು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದವರಲ್ಲೂ ಈ ನಂಬಿಕೆ ಗಟ್ಟಿಯಾಗಿಯೇ ಇರುತ್ತದೆ. ಹೊರಗೆ ಬಂದು ತೆಂಗಿನ ಮರ ನೋಡಿ: ಗರಿಗೂ ಆಕಾಶಕ್ಕೂ ನಡುವೆ ಯಾರೂ ಗೆರೆ ಎಳೆದಿಲ್ಲ. ಹಸಿರು ಮುಗಿದಲ್ಲಿ ನೀಲಿ ಶುರುವಾಗಿದೆ. ಗೆರೆ ನಮ್ಮ ಪೆನ್ಸಿಲ್ಲಿನದು. ಮರಕ್ಕಿರುವುದು ಅಂಚು. ಆ ಅಂಚು ಸುತ್ತುವರಿದ ಜಾಗವೇ ಆಕಾರ. ಅದನ್ನು ಗೆರೆಯಿಂದ ಹೇಳಬಹುದು, ಬಣ್ಣದಿಂದ ತುಂಬಬಹುದು, ಕತ್ತರಿಸಿ ತೆಗೆಯಬಹುದು. ಏನೂ ಮಾಡದೆ ಬಿಟ್ಟರೂ ಆಕಾರ ಮೂಡಬಹುದು.

ಈ ಕೊನೆಯ ಮಾತು ಒಗಟಿನಂತಿದೆ. ಇಟಲಿಯ ಮನಶ್ಶಾಸ್ತ್ರಜ್ಞ ಗೇತಾನೊ ಕನಿಜ಼ಾ 1955ರಲ್ಲಿ ಇದನ್ನೇ ಒಂದು ಚಿತ್ರ ಮಾಡಿ ತೋರಿಸಿದ. ಒಂದೊಂದು ತುಂಡು ಕತ್ತರಿಸಿ ತೆಗೆದ ಹೋಳಿಗೆಯಂಥ ಮೂರು ಕಪ್ಪು ಬಿಲ್ಲೆಗಳನ್ನು, ಕತ್ತರಿಸಿದ ಬಾಯಿಗಳು ಒಂದನ್ನೊಂದು ನೋಡುವ ಹಾಗೆ ಇಟ್ಟರೆ, ನಡುವೆ ಒಂದು ಬಿಳಿಯ ತ್ರಿಕೋನ ಎದ್ದು ನಿಲ್ಲುತ್ತದೆ. ಅದಕ್ಕೆ ಗೆರೆಯಿಲ್ಲ, ಬೇರೆ ಬಣ್ಣವೂ ಇಲ್ಲ. ಆದರೂ ಸುತ್ತಲಿನ ಬಿಳಿಗಿಂತ ಅದೇ ಹೆಚ್ಚು ಬೆಳ್ಳಗೆ ಕಾಣುತ್ತದೆ. ಇಲ್ಲದ ಅಂಚನ್ನು ಕಣ್ಣು ತಾನೇ ಎಳೆದುಕೊಂಡಿದೆ.

ಕಣ್ಣಿಗೆ ಅಂಚಿನ ಮೇಲೆ ಇಷ್ಟು ಆಸೆ ಏಕೆ? ಅದಕ್ಕೊಂದು ಸ್ವಾರಸ್ಯದ ಕಥೆಯಿದೆ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮಿದುಳಿನ ಒಂದು ನರಕೋಶಕ್ಕೆ ತಂತಿ ತಾಗಿಸಿ, ಗಾಜಿನ ಸ್ಲೈಡುಗಳಲ್ಲಿ ಚುಕ್ಕಿಗಳನ್ನು ತೋರಿಸುತ್ತಿದ್ದರು. ಕರಿ ಚುಕ್ಕಿಗೂ ಬಿಳಿ ಚುಕ್ಕಿಗೂ ಆ ಕೋಶ ಜಪ್ಪಯ್ಯ ಎನ್ನಲಿಲ್ಲ. ಸ್ಲೈಡನ್ನು ಯಂತ್ರಕ್ಕೆ ತೂರಿಸುವಾಗ ಮಾತ್ರ ಪಟಪಟ ಸದ್ದು ಮಾಡಿತು. ತಲೆ ಕೆರೆದುಕೊಂಡು ಹುಡುಕಿದರೆ, ಕೋಶಕ್ಕೆ ಬೇಕಾಗಿದ್ದದ್ದು ಚುಕ್ಕಿಯಲ್ಲ, ಗಾಜಿನ ಅಂಚಿನ ತೆಳು ನೆರಳು. ಅದೂ ಒಂದು ಓರೆಯಲ್ಲಿ ಸರಿದರೆ ಮಾತ್ರ. ಒಂದೊಂದು ಕೋಶಕ್ಕೆ ಒಂದೊಂದು ಓರೆ. ಈ ದಾರಿಯಲ್ಲಿ ನಡೆದ ಅವರಿಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಬೆಕ್ಕಿನ ಮಿದುಳಿಗೂ ಕೊಪ್ಪಳದ ಗೊಂಬೆಗೂ ಎತ್ತಣಿಂದೆತ್ತ ಸಂಬಂಧ ಎನ್ನಬೇಡಿ. ಪರದೆಯ ಮುಂದೆ ಕೂತ ಹುಡುಗರ ತಲೆಯೊಳಗೂ ಹೆಚ್ಚುಕಡಿಮೆ ಇದೇ ವ್ಯವಹಾರ ನಡೆದಿರುತ್ತದೆ.

ನಮ್ಮ ಹಳಬರಿಗೂ ಇದು ಹೊಳೆದಿರಬೇಕು. ಕಾಮಸೂತ್ರಕ್ಕೆ ಯಶೋಧರ ಬರೆದ ಜಯಮಂಗಲಾ ಎಂಬ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಹೆಸರಿಸಿದ್ದಾರೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ತೋರುವ ರೂಪಭೇದ ಮೊದಲ ಸ್ಥಾನದಲ್ಲಿದೆ, ಬಣ್ಣಗಾರಿಕೆ ಕೊನೆಗೆ.

ಆಕಾರ ಬೇರೆ, ಘನರೂಪ ಬೇರೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಚನ್ನಪಟ್ಟಣದ ಬುಗುರಿ ಕೈಗೆ ಸಿಗುತ್ತದೆ, ಸುತ್ತ ತಿರುಗಿಸಿ ನೋಡಬಹುದು, ಅದಕ್ಕೆ ಉದ್ದ ಅಗಲದ ಜೊತೆ ದಪ್ಪವೂ ಇದೆ. ಅದು ಘನರೂಪ. ಅದನ್ನೇ ಹಾಳೆಯ ಮೇಲೆ ತಂದರೆ ದಪ್ಪ ಬಿದ್ದುಹೋಗಿ ಉಳಿಯುವುದು ಆಕಾರ. ಪೇಚಾಟ ಶುರುವಾಗುವುದೇ ಈ ಇಳಿಸುವ ಕೆಲಸದಲ್ಲಿ. ಮೇಜಿನ ಮೇಲಿನ ಊಟದ ತಟ್ಟೆ ದುಂಡಗಿದೆ ಎಂದು ಎಲ್ಲರಿಗೂ ಗೊತ್ತು. ಕೂತಲ್ಲಿಂದ ನೋಡಿದರೆ ಅದು ದುಂಡಗಿಲ್ಲ, ಒತ್ತಿದ ಮೊಟ್ಟೆಯ ಹಾಗಿದೆ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದರೆ ಅದು ಬರೀ ಪಟ್ಟಿ. ಗೊತ್ತಿರುವುದನ್ನು ಬಿಡಿಸಬೇಕೋ ಕಂಡದ್ದನ್ನು ಬಿಡಿಸಬೇಕೋ? ಐದು ವರ್ಷದ ಮಗು ಗೊತ್ತಿರುವುದನ್ನೇ ಬಿಡಿಸುತ್ತದೆ: ಮೇಜು ಪಕ್ಕದಿಂದ, ತಟ್ಟೆ ಮೇಲಿನಿಂದ.

ಮಗುವಿನ ಈ ರೀತಿಯನ್ನು ತಪ್ಪೆಂದು ತಿದ್ದುವ ಮೇಷ್ಟ್ರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನೆಬಮುನ್‌ನ ತೋಟದ ಚಿತ್ರವನ್ನು ಒಮ್ಮೆ ನೋಡಬೇಕು. ಕ್ರಿಸ್ತಪೂರ್ವ 1350ರ ಸುಮಾರಿನ ಈಜಿಪ್ಟಿನ ಗೋರಿಯೊಂದರ ಗೋಡೆಯಿಂದ ತಂದ ತುಂಡು ಅದು. ಕೊಳವನ್ನು ಆಕಾಶದಿಂದ ನೋಡಿದ ಹಾಗೆ ಚೌಕವಾಗಿ ಬರೆದಿದ್ದಾರೆ. ಅದರೊಳಗಿನ ಮೀನು, ಬಾತುಕೋಳಿಗಳು ಪಕ್ಕದಿಂದ ಕಾಣುತ್ತವೆ. ದಂಡೆಯ ಮರಗಳೂ ಪಕ್ಕದಿಂದಲೇ, ಒಂದು ಬದಿಯ ಮರಗಳಂತೂ ಅಡ್ಡ ಮಲಗಿವೆ. ಬರೆದವರಿಗೆ ಕೈ ಸಾಲದೆ ಹೀಗಾದದ್ದಲ್ಲ. ಯಾವ ದಿಕ್ಕಿನಿಂದ ನೋಡಿದರೆ ಯಾವ ವಸ್ತು ಚೆನ್ನಾಗಿ ಗುರುತು ಸಿಗುತ್ತದೋ ಆ ದಿಕ್ಕಿನ ಆಕಾರವನ್ನೇ ಅವರು ಆರಿಸಿಕೊಂಡರು. ಮೀನನ್ನು ಮೇಲಿನಿಂದ ಬಿಡಿಸಿದರೆ ಅದು ಮೀನೋ ಕಡ್ಡಿಯೋ ಯಾರು ಹೇಳಬೇಕು?

ತೊಗಲುಗೊಂಬೆಗಳ ಮುಖ ಬಹುಮಟ್ಟಿಗೆ ಪಕ್ಕಕ್ಕೆ ತಿರುಗಿರುವುದಕ್ಕೂ ಇದೇ ಕಾರಣ. ಎದುರಿನಿಂದ ನೋಡಿದ ಮುಖದ ನೆರಳು ಬರೀ ಮೊಟ್ಟೆ. ರಾಮನದೂ ಅದೇ, ರಾವಣನದೂ ಅದೇ. ಪಕ್ಕಕ್ಕೆ ತಿರುಗಿಸಿದರೆ ಹಣೆ, ಮೂಗು, ತುಟಿ, ಗದ್ದ ಒಂದೊಂದೂ ಅಂಚಿಗೆ ಬಂದು ನಿಲ್ಲುತ್ತವೆ. ನಾಣ್ಯಗಳ ಮೇಲಿನ ರಾಜರಾಣಿಯರು ಪಕ್ಕಕ್ಕೆ ನೋಡುವುದೂ ಹೀಗೇ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ತೈಲಚಿತ್ರ ಬರೆಸುವಷ್ಟು ದುಡ್ಡಿಲ್ಲದವರು ತಮ್ಮ ಪಕ್ಕಮುಖದ ನೆರಳನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. 1759ರಲ್ಲಿ ಕೆಲವು ತಿಂಗಳು ಮಾತ್ರ ಫ್ರಾನ್ಸಿನ ಹಣಕಾಸು ನೋಡಿಕೊಂಡಿದ್ದ ಎತಿಯೆನ್ ದ ಸಿಲುವೆಟ್ ಜಿಪುಣತನಕ್ಕೆ ಹೆಸರಾದವನು. ಅಗ್ಗದ್ದಕ್ಕೆಲ್ಲ ಜನ ಅವನ ಹೆಸರು ಅಂಟಿಸಿದರಂತೆ. ಈ ಚಿತ್ರಕ್ಕೂ ಅಂಟಿತು, ಅಂಟಿದ್ದು ಬಿಡಲಿಲ್ಲ. ಸೂರ್ಯಾಸ್ತದ ಎದುರು ನಿಂತ ಮದುಮಕ್ಕಳನ್ನು ಕಪ್ಪಾಗಿ ತೆಗೆದು ‘ಸಿಲುವೆಟ್ ಶಾಟ್ ಸಾರ್’ ಎನ್ನುವ ನಮ್ಮೂರ ಫೋಟೊಗ್ರಾಫರನಿಗೆ ಆ ಫ್ರೆಂಚ್ ಮಂತ್ರಿಯ ಗೊಡವೆ ಯಾಕೆ.

ಯಕ್ಷಗಾನದ ವೇಷಗಳಲ್ಲೂ ಈ ಲೆಕ್ಕವಿದೆ. ವಿದ್ಯುತ್ ದೀಪ ಬರುವ ಮೊದಲು, ಗದ್ದೆಯ ತುದಿಯಲ್ಲಿ ಕೂತವನಿಗೆ ಮುಖದ ಬಣ್ಣ ಸರಿಯಾಗಿ ಕಾಣುತ್ತಿದ್ದದ್ದು ಅಷ್ಟರಲ್ಲೇ. ತಲೆಯ ಮೇಲಿನ ಆಕಾರ ಕಾಣುತ್ತಿತ್ತು. ಕಿರೀಟವಿದ್ದರೆ ಅರಸು, ಕೇದಗೆ ಹೂವಿನ ಎಸಳಿನ ಹಾಗೆ ಮೇಲಕ್ಕೆ ಚಾಚಿದ ಕೇದಗೆ ಮುಂದಲೆ ಇದ್ದರೆ ಅಭಿಮನ್ಯುವಿನಂಥ ಎಳೆಯ ವೀರ.

ಇಷ್ಟು ಹೊತ್ತು ಹೇಳಿದ್ದು ತುಂಬಿದ ಜಾಗದ ಮಾತಾಯಿತು. ಗೊಂಬೆ ಕತ್ತರಿಸಿದಾಗ ಉಳಿದ ಚರ್ಮಕ್ಕೂ ಆಕಾರವಿದೆಯಲ್ಲ, ಅದರ ಕಡೆ ನೋಡುವವರು ಕಡಿಮೆ. ಸೊಂಟದ ಮೇಲೆ ಕೈಯಿಟ್ಟು ನಿಂತವಳ ತೋಳು ಮತ್ತು ನಡುವಿನ ಮಧ್ಯೆ ಒಂದು ತ್ರಿಕೋನ ಬೆಳಕು ಇಣುಕುತ್ತದೆ. ಆ ತ್ರಿಕೋನ ಮುಚ್ಚಿಬಿಡಿ, ಪರದೆಯ ಮೇಲೆ ಕೈಯೇ ಕಾಣಿಸುವುದಿಲ್ಲ. ಹೆಂಗಸು ಹೋಗಿ ಮೂಟೆಯಾಗುತ್ತಾಳೆ. ಕೈಯನ್ನು ತೋರಿಸುತ್ತಿರುವುದು ಕೈಯಲ್ಲ, ಅದರ ಪಕ್ಕದ ಖಾಲಿ. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ ಹೂದಾನಿಯ ಚಿತ್ರ ಇದರದೇ ಆಟ. ನಡುವಿನ ಬಿಳಿಯನ್ನು ನೋಡಿದರೆ ಹೂದಾನಿ. ಅಕ್ಕಪಕ್ಕದ ಕಪ್ಪನ್ನು ನೋಡಿದರೆ ಮೂಗಿಗೆ ಮೂಗು ಕೊಟ್ಟು ನಿಂತ ಎರಡು ಮುಖ. ಎರಡೂ ಒಟ್ಟಿಗೆ ಕಾಣುವುದು ಸಾಧ್ಯವಿಲ್ಲ. ಅಂಚು ಒಂದೇ, ಅದು ಯಾರ ಪಾಲಿಗೆ ಸೇರಬೇಕು ಎಂಬ ಜಗಳ ಕಣ್ಣಿನಲ್ಲಿ ನಡೆಯುತ್ತಲೇ ಇರುತ್ತದೆ. ಅಣ್ಣತಮ್ಮಂದಿರ ನಡುವಿನ ಬದುವಿನ ಹಾಗೆ.

ಈ ಬದುವಿನ ಸತ್ಯ ಬೇಲೂರಿನ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಚೆನ್ನಕೇಶವ ಗುಡಿಯ ಗೋಡೆಯ ಜಾಲಂಧ್ರಗಳನ್ನು ಜನ ಹೊರಗಿನಿಂದ ನೋಡಿ, ಕೆತ್ತನೆ ಹೊಗಳಿ ಮುಂದೆ ಹೋಗುತ್ತಾರೆ. ಒಳಗೆ ನಿಂತು ನೋಡಬೇಕು. ಕಲ್ಲು ಕಪ್ಪಾಗಿ ಹಿಂದೆ ಸರಿಯುತ್ತದೆ, ಕೆತ್ತಿ ತೆಗೆದ ಜಾಗಗಳು ಬೆಳಕಿನ ತುಂಡುಗಳಾಗಿ ಮುಂದೆ ಬರುತ್ತವೆ. ಒಂದೇ ಕಿಟಕಿ, ಹೊರಗಿನವನಿಗೆ ಕಲ್ಲಿನ ಚಿತ್ರ, ಒಳಗಿನವನಿಗೆ ಬೆಳಕಿನ ಚಿತ್ರ.

ಚಿತ್ರ ಬರುವುದಿಲ್ಲ ಎನ್ನುವವರಿಗೆ ಅಮೆರಿಕದ ಕಲಾ ಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ 1979ರ ತಮ್ಮ ಪುಸ್ತಕದಲ್ಲಿ ಒಂದು ಅಭ್ಯಾಸ ಹೇಳಿದ್ದಾರೆ. ಕುರ್ಚಿ ಬಿಡಿಸಬೇಡಿ, ಕುರ್ಚಿಯ ಸುತ್ತಲಿನ ಖಾಲಿಯನ್ನು ಬಿಡಿಸಿ. ಮದುವೆ ಮನೆಗಳಲ್ಲಿ ಒಂದರ ಮೇಲೊಂದು ಪೇರಿಸಿಡುವ ಪ್ಲಾಸ್ಟಿಕ್ ಕುರ್ಚಿ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಬೆನ್ನಿನ ಸೀಳುಗಳು, ಕೈಯ ಕೆಳಗಿನ ಓರೆ ಚೌಕ, ಕಾಲುಗಳ ನಡುವಿನ ಜಾಗ, ಇಷ್ಟನ್ನೇ ಒಂದೊಂದಾಗಿ ಹಾಳೆಗೆ ಇಳಿಸಿದರೆ, ಬಿಡಿಸದ ಕುರ್ಚಿ ನಡುವೆ ತಾನಾಗಿ ಬಂದು ಕೂತಿರುತ್ತದೆ. ಅದೂ ನೇರವಾಗಿ ಬಿಡಿಸಿದ್ದಕ್ಕಿಂತ ಸರಿಯಾಗಿ. ಕುರ್ಚಿ ಎಂದೊಡನೆ ತಲೆಯೊಳಗಿನ ಹಳೇ ಕುರ್ಚಿ ಕೈಗೆ ಅಡ್ಡ ಬರುತ್ತದೆ. ಖಾಲಿ ಜಾಗದ ಬಗ್ಗೆ ತಲೆಯಲ್ಲಿ ಯಾವ ಪೂರ್ವಗ್ರಹವೂ ಇಲ್ಲವಾದ್ದರಿಂದ ಕಣ್ಣು ಕಂಡದ್ದನ್ನೇ ಹೇಳುತ್ತದೆ.

ತುಂಬಿದ್ದು, ಖಾಲಿ ಎರಡನ್ನೂ ಒಂದೇ ಕತ್ತರಿಯಿಂದ ಆಳಿದವನು ಆನ್ರಿ ಮತಿಸ್. 1941ರಲ್ಲಿ ಕ್ಯಾನ್ಸರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಈ ಫ್ರೆಂಚ್ ಕಲಾವಿದನಿಗೆ ಈಸೆಲ್ ಮುಂದೆ ನಿಂತು ಬರೆಯುವುದು ಕಷ್ಟವಾಯಿತು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಮುದುಕ ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕೂತು ದೊಡ್ಡ ಕತ್ತರಿಯಿಂದ ಕತ್ತರಿಸುತ್ತಿದ್ದ. ಗೆರೆ ಎಳೆದುಕೊಂಡು ಕತ್ತರಿಸುವುದಲ್ಲ, ನೇರವಾಗಿ ಬಣ್ಣಕ್ಕೇ ಕತ್ತರಿ. 1952ರ ನೀಲಿ ನಗ್ನೆಯರ ಸರಣಿಯಲ್ಲಿ ಕಾಲು ಮಡಿಸಿ, ತೋಳನ್ನು ತಲೆಯ ಹಿಂದಕ್ಕೆ ತಂದು ಕೂತ ಹೆಣ್ಣಿದ್ದಾಳೆ. ಇಡೀ ಮೈಗೆ ಒಂದೇ ನೀಲಿ, ನೆರಳು ಬೆಳಕಿನ ಸೋಂಕಿಲ್ಲ. ಆದರೂ ತೊಡೆ ಮುಂದಿದೆ, ಹೊಟ್ಟೆ ಹಿಂದಿದೆ ಎಂದು ಗೊತ್ತಾಗುತ್ತದೆ. ಹೇಗೆ? ನೀಲಿ ತುಂಡುಗಳ ನಡುವೆ ಬಿಟ್ಟ ಸಣ್ಣ ಬಿಳಿ ಸಂದುಗಳಿಂದ. ಮರುವರ್ಷ ಮಾಡಿದ ‘ಬಸವನಹುಳು’ ಇನ್ನೂ ಧೈರ್ಯದ್ದು. ಒಂದೊಂದು ಬದಿಯೂ ಒಂಬತ್ತು ಅಡಿ ದಾಟುವ ಆ ಕೆಲಸದಲ್ಲಿ ಇರುವುದು ಒರಟಾಗಿ ಕತ್ತರಿಸಿದ ಬಣ್ಣದ ಹಾಳೆಯ ತುಂಡುಗಳು, ಸುರುಳಿಯಾಗಿ ಸುತ್ತಿ ನಿಂತಿವೆ. ಒಟ್ಟು ನಡಿಗೆ ಮಾತ್ರ ಬಸವನಹುಳುವಿನದು. ಹಾಸಿಗೆ ಹಿಡಿದ ಮೇಲೆ ಮತಿಸ್ ಮಾಡಿದ್ದೇ ಅವನ ಅತ್ಯುತ್ತಮ ಕೆಲಸ ಎನ್ನುವವರಿದ್ದಾರೆ. ಆ ಮಾತು ಒಪ್ಪತಕ್ಕದ್ದೇ.

ಆಕಾರ ಯಾವ ಕೈಯಿಂದ, ಯಾವ ಸಾಮಾನಿನಿಂದ ಹುಟ್ಟುತ್ತದೆ ಎಂಬುದರ ಮೇಲೂ ಅದರ ಚಹರೆ ನಿಂತಿದೆ. ಧಾರವಾಡದ ಕಡೆಯ ಕಸೂತಿ ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು, ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಹೋಗುವುದು ನೇರ, ಅಡ್ಡ, ಇಲ್ಲವೇ ಓರೆ. ಹಾಗಾಗಿ ಇಳಕಲ್ ಸೀರೆಯ ಸೆರಗಿನ ನವಿಲಿಗೂ ಆನೆಗೂ ಮೆಟ್ಟಿಲು ಮೆಟ್ಟಿಲಾದ ಬೆನ್ನು. ತೇರು, ಗೋಪುರ, ತುಳಸಿಕಟ್ಟೆಗಳು ಅಷ್ಟು ಸೊಗಸಾಗಿ ಕೂಡುವುದಕ್ಕೂ ಅದೇ ಕಾರಣ, ಅವು ಮೊದಲೇ ಮೆಟ್ಟಿಲು ಮೆಟ್ಟಿಲಾದವು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಲ್ಲೂ ಸಣ್ಣ ನೇರ ಗೆರೆಗಳು ಹೆಣೆದು ಹೆಣೆದು ಚೌಕ, ತ್ರಿಕೋನಗಳಾಗುತ್ತವೆ.

ಇದರ ತದ್ವಿರುದ್ಧ ದಿಕ್ಕಿಗೆ ಹೋದದ್ದು ನಮ್ಮ ಲಿಪಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಬ್ರಾಹ್ಮಿಯಲ್ಲಿ ‘ಕ’ ಎಂದರೆ ಕೂಡುವ ಚಿಹ್ನೆಯ ಹಾಗೆ ಎರಡು ಗೆರೆ, ‘ಗ’ ಎಂದರೆ ಗುಡಿಸಲ ಮಾಡು. ಶತಮಾನಗಳು ಉರುಳಿದ ಹಾಗೆ ಮಾಡಿನ ತುದಿ ಬಾಗಿತು, ಕಾಲುಗಳು ಡೊಂಕಾದವು, ಮೇಲೊಂದು ತಲೆಕಟ್ಟು ಕೂತಿತು, ಇಂದಿನ ‘ಗ’ ಆಯಿತು. ಓಲೆಗರಿಯ ಮೇಲೆ ಕಂಠದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರಗಳು ದುಂಡಗಾದವು ಎಂಬ ವಿವರಣೆ ಪ್ರಚಲಿತ. ‘ಠ’ಕ್ಕೆ ಮಾತ್ರ ಈ ಯಾವ ತಾಪತ್ರಯವೂ ತಟ್ಟಲಿಲ್ಲ. ಅಂದೂ ದುಂಡು, ಇಂದೂ ದುಂಡು.

ಅಕ್ಷರದ ಮಾತು ಬಂದದ್ದು ಒಳ್ಳೆಯದಾಯಿತು. ಜರ್ಮನಿಯ ವುಲ್ಫ್‌ಗ್ಯಾಂಗ್ ಕೋಲರ್ 1929ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದ. ಒಂದು ಮುಳ್ಳುಮುಳ್ಳಾದ ಆಕಾರ, ಇನ್ನೊಂದು ಉಬ್ಬುಬ್ಬಾದ ಆಕಾರ, ಜೊತೆಗೆ ಅರ್ಥವಿಲ್ಲದ ಎರಡು ಪದಗಳು. ಯಾವ ಪದ ಯಾವುದಕ್ಕೆ? 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್ ಇದನ್ನೇ ‘ಕಿಕಿ’, ‘ಬೂಬಾ’ ಎಂಬ ಪದಗಳಿಂದ ಪ್ರಸಿದ್ಧಗೊಳಿಸಿದರು. ಕೇಳಿದವರಲ್ಲಿ ಹೆಚ್ಚಿನವರು ಚೂಪಾದದ್ದನ್ನು ಕಿಕಿ, ದುಂಡಗಿನದನ್ನು ಬೂಬಾ ಎಂದರು. ಇಂಗ್ಲಿಷಿನಲ್ಲಿ ಕಿಕಿ ಬರೆಯುವ ಅಕ್ಷರ ಚೂಪು, ಬೂಬಾದ್ದು ದುಂಡು, ಅದಕ್ಕೇ ಹೀಗೆ ಎಂದು ಕೆಲವರು ಆಕ್ಷೇಪಿಸಿದರು. ಕನ್ನಡದಲ್ಲಿ ಬರೆದರೆ ಎರಡೂ ಗುಂಡುಗುಂಡಗೇ ಇವೆಯಲ್ಲ! ಮುಂದೆ 25 ಭಾಷೆಗಳನ್ನಾಡುವ ಜನರ ಮೇಲೆ, ಬೇರೆ ಬೇರೆ ಲಿಪಿಗಳನ್ನೂ ಸೇರಿಸಿ, ಪರೀಕ್ಷೆ ಮಾಡಿದಾಗ ಸುಮಾರು ಶೇಕಡಾ 72 ಉತ್ತರಗಳು ಇದೇ ಜೋಡಣೆಗೆ ಹೊಂದಿದವು. ಅಕ್ಷರದ ಹಂಗಿಲ್ಲದೆಯೂ ಕಿವಿಗೆ ಕಣ್ಣಿನ ನಂಟಿದೆ. ಗುಂಡು, ದುಂಡು, ಉಂಡೆ, ಗಡಿಗೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಚುಚ್ಚು, ಚೂಪು, ಕತ್ತಿ ಎನ್ನಿ.

ಬರೀ ಆಕಾರ ಮಾತ್ರ ಇಟ್ಟರೆ ಚಿತ್ರವಾದೀತೇ ಎಂದು ಕೇಳಿದವನು ರಷ್ಯದ ಕಾಜ಼ಿಮಿರ್ ಮಲೆವಿಚ್. 1915ರಲ್ಲಿ ಪೆಟ್ರೊಗ್ರಾಡಿನ ಪ್ರದರ್ಶನದಲ್ಲಿ ಬಿಳಿಯ ಮೇಲೆ ಒಂದು ಕಪ್ಪು ಚೌಕ ಬಳಿದು, ಅದನ್ನು ಗೋಡೆಗಳು ಸೇರುವ ಮೂಲೆಯಲ್ಲಿ ಎತ್ತರಕ್ಕೆ ತೂಗುಹಾಕಿದ. ರಷ್ಯದ ಮನೆಗಳಲ್ಲಿ ಅದು ದೇವರ ಮೂಲೆ. ನೋಡಿದವರು ಕೆರಳಿದ್ದು ಚೌಕಕ್ಕೋ ಮೂಲೆಗೋ ಎಂಬುದು ಬೇರೆ ಮಾತು.

ಗ್ಯಾಲರಿಗೆ ಕಾಲಿಡದವರೂ ಆಕಾರ ಓದದೆ ಒಂದು ದಿನ ಕಳೆಯುವುದಿಲ್ಲ. ರಸ್ತೆ ಬದಿಯ ಫಲಕಗಳಲ್ಲಿ ‘ನಿಲ್ಲಿ’ ಎನ್ನುವುದೊಂದೇ ಎಂಟು ಮೂಲೆಯದು. ‘ದಾರಿ ಬಿಡಿ’ ತಲೆಕೆಳಗಾದ ತ್ರಿಕೋನ. ಎಚ್ಚರಿಕೆಯ ಫಲಕ ನೆಟ್ಟಗಿನ ತ್ರಿಕೋನ, ಪಾಲಿಸಲೇಬೇಕಾದ ಆಜ್ಞೆ ದುಂಡು, ಮಾಹಿತಿ ಚೌಕ. ಅಕ್ಷರ ಅಳಿಸಿದ್ದರೂ, ಹಿಮ ಮುಚ್ಚಿದ್ದರೂ, ಹಿಂಬದಿಯಿಂದ ನೋಡಿದರೂ ಎಂಟು ಮೂಲೆ ಎಂಟು ಮೂಲೆಯೇ. ನಮ್ಮಲ್ಲಿ ಹಿಮದ ಕೆಲಸವನ್ನು ಹುಟ್ಟುಹಬ್ಬದ ಶುಭಾಶಯದ ಪೋಸ್ಟರುಗಳು ಮಾಡುತ್ತವೆ.

ಆಕಾರದ ಮೇಲೆ ಅತ್ಯಂತ ದೊಡ್ಡ ಭಾರ ಹೊರಿಸಿದ್ದು ಭಾರತದ ಚುನಾವಣೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರಲ್ಲಿ ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಂದು ಚಿಹ್ನೆ: ನೊಗ ಹೊತ್ತ ಜೋಡೆತ್ತು, ದೀಪ, ಗುಡಿಸಲು. ಆಮೇಲೆ ಎಲ್ಲ ಚಿಹ್ನೆಗಳೂ ಒಂದೇ ಮತಪತ್ರಕ್ಕೆ ಬಂದವು, ಹೆಬ್ಬೆರಳಗಲದ ಜಾಗದಲ್ಲಿ ಕಪ್ಪುಬಿಳುಪಾಗಿ. ಆ ಅಳತೆಯಲ್ಲಿ ಒಳಗಿನ ವಿವರ ಲೆಕ್ಕಕ್ಕಿಲ್ಲ, ಹೊರ ಅಂಚೇ ಗತಿ. ಎತ್ತಿಗೆ ಕೊಂಬು, ಹಸುವಿನ ಪಕ್ಕ ಕರು ಎಂದು ಹುಡುಕುವುದಕ್ಕಿಂತ ಐದು ಬೆರಳಿನ ಅಂಗೈ ಗುರುತಿಸುವುದು ಸಲೀಸು. ಜೋಡೆತ್ತಿನಿಂದ ಹಸು-ಕರುವಿಗೆ, ಅಲ್ಲಿಂದ ಕೈಗೆ ಬಂದ ಪಕ್ಷ ರಾಜಕೀಯದ ಒಡಕಿನಿಂದ ಚಿಹ್ನೆ ಬದಲಿಸಿತೇ ವಿನಾ ಚಿತ್ರಕಲೆಯ ಪಾಠಕ್ಕಾಗಿ ಅಲ್ಲ. ಆದರೂ 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಕೈ ಗುರುತಿನಲ್ಲಿ ನಿಂತಾಗ ಪ್ರಚಾರಕ್ಕೆ ಬ್ಯಾನರೂ ಬೇಕಿರಲಿಲ್ಲ. ಕೈ ಎತ್ತಿ ತೋರಿಸಿದರೆ ಮುಗಿಯಿತು.

ಒಂದು ಆಕಾರ ಇನ್ನೊಂದರ ಹಾಗೆ ಕಂಡುಬಿಟ್ಟರೆ? ಆ ತಕರಾರು 2022ರಲ್ಲಿ ತೆಲಂಗಾಣದ ಹೈಕೋರ್ಟಿಗೆ ಹೋಯಿತು. ಮುನುಗೋಡು ಉಪಚುನಾವಣೆಯ ಹೊತ್ತು. ಕಾರು ಗುರುತಿನ ಟಿಆರ್‌ಎಸ್ ಪಕ್ಷ, ತನ್ನ ಕಾರನ್ನು ಹೋಲುವ ಎಂಟು ಚಿಹ್ನೆಗಳನ್ನು ತೆಗೆಯಬೇಕೆಂದು ಕೇಳಿತು. ಪಟ್ಟಿಯಲ್ಲಿ ರೋಡ್ ರೋಲರ್ ಇತ್ತು, ಸರಿ. ಜೊತೆಗೆ ಕ್ಯಾಮೆರಾ, ಟಿವಿ, ಹಡಗು, ಹೊಲಿಗೆ ಯಂತ್ರ, ಡೋಲಿ, ಸೋಪಿನ ಡಬ್ಬಿ, ಚಪಾತಿ ಲಟ್ಟಣಿಗೆಯೂ ಇದ್ದವು! ನಗು ಬರುವುದು ಸಹಜ, ಆದರೆ ಇವನ್ನೆಲ್ಲ ಹೆಬ್ಬೆರಳಗಲಕ್ಕೆ ಕುಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿದರೆ ಅಡ್ಡಕ್ಕೆ ಉದ್ದವಾದ ಕಪ್ಪು ಉಂಡೆಗಳಾಗಿ ಉಳಿಯುವುದೂ ನಿಜ. ಹೈಕೋರ್ಟು ಅರ್ಜಿ ವಜಾ ಮಾಡಿತು. ಅಷ್ಟರಲ್ಲಿ ಒಬ್ಬ ಅಭ್ಯರ್ಥಿಗೆ ಸಿಕ್ಕಿದ್ದ ರೋಡ್ ರೋಲರನ್ನು ಚುನಾವಣಾಧಿಕಾರಿ ಕಿತ್ತುಕೊಂಡು ಮಕ್ಕಳ ನಡೆಬಂಡಿ ಕೊಟ್ಟಿದ್ದರು. ಚುನಾವಣಾ ಆಯೋಗ ರೋಡ್ ರೋಲರನ್ನು ವಾಪಸು ಕೊಡಿಸಿತು, ಅಧಿಕಾರಿಯನ್ನು ಬದಲಿಸಿತು. ಕಾರು, ರೋಡ್ ರೋಲರ್ ಎರಡೂ ಮತಯಂತ್ರದ ಮೇಲೆ ಇದ್ದೇ ಇದ್ದವು. ಗೆದ್ದದ್ದು ಕಾರು.